ಗಾಡಿ ಯಾಕ ಚಾಲೂ ಆಗವಲ್ದು?

ಬನದ ಹುಣ್ಣಿಮೆ ಬಂತು. ಭಾರತ ಹುಣ್ಣಿಮೆ ಬಂತು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜನವೋ ಜನ. ಚಕ್ಕಡಿಗಳು ಬಂದಿವೆ. ಟ್ರ್ಯಾಕ್ಟರ್ ಬಂದಿವೆ. ಜೀಪು, ಟ್ರ್ಯಾಕ್ಸ್, ಕಾರುಗಳ ಸಾಲೂ ಇದೆ. ರಾತ್ರಿ ಗಾಡಿಯ ದೀಪದ ಬೆಳಕಿನಲ್ಲೇ ಅಡಿಗೆ ಆಯಿತು. ಗಾಡಿಯ ಟೇಪಿನಲ್ಲೇ ಹಾಡು ಕೇಳಿದ್ದಾಯಿತು. ಬೆಳಿಗ್ಗೆ ಪಡ್ಡಲಗಿ ತುಂಬಿಸಿ, ಕೈ ಮುಗಿದು, ಊರಿಗೆ ಹೊರಡುವ ಹೊತ್ತು. ಚಳಿ ಇದೆ. ಡ್ರೈವರ್ ಚಾವಿ ತಿರುವುತ್ತಾನೆ.

‘ಕರ್ರ್... ಕರ್... ಟಕ್.’

ಅಷ್ಟೇ. ಗಾಡಿ ಸುಮ್ಮನಾಯಿತು.

ಈಗ ನೋಡ್ರಿ, ಎಲ್ಲರೂ ಡಾಕ್ಟರೇ. ಒಬ್ಬರು ‘ಬ್ಯಾಟರಿ ಸತ್ತೈತಿ’ ಅಂತಾರೆ. ಇನ್ನೊಬ್ಬರು ‘ಡೀಸೆಲ್ ಬರವಲ್ದು’ ಅಂತಾರೆ. ಮತ್ತೊಬ್ಬರು ‘ದಬ್ರೋ, ದಬ್ರೋ’ ಅಂತ ತೋಳು ಏರಿಸುತ್ತಾರೆ. ಅಜ್ಜಿ ನಿಂಬೆಹಣ್ಣು ಇಳಿ ತೆಗೆಯುತ್ತಾಳೆ. ಅದರಿಂದ ಗಾಡಿಗೆ ಕೆಟ್ಟದ್ದೇನೂ ಆಗುವುದಿಲ್ಲ. ಕೆಟ್ಟದ್ದಾಗುವುದು ಡ್ರೈವರ್ ಮತ್ತೆ ಮತ್ತೆ ಚಾವಿ ತಿರುವುವುದರಿಂದ. ಇದ್ದ ಚೂರು ಕರೆಂಟೂ ಖಾಲಿ. ಮೇಲೆ ಸೆಲ್ಫ್ ಮೋಟರು ಸುಡುತ್ತದೆ.

ಗಾಡಿ ನಿಂತರೆ ನಷ್ಟ ಸಣ್ಣದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಎಷ್ಟೋ ಮಂದಿ ಸಾಲ ಮಾಡಿ ಗಾಡಿ ಕೊಂಡಿದ್ದಾರೆ. ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆ ಹೋಯಿತು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಇನ್ನು ರಾತ್ರಿ ಹೆರಿಗೆ ನೋವು ಬಂದರೆ? ಹಾವು ಕಡಿದರೆ? 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ 2008ರಲ್ಲೇ ಬಂದಿದೆ. ಅದಕ್ಕೆ ಫೋನ್ ಮಾಡಲೇಬೇಕು. ಅದು ಬರುವ ತನಕ ಕಾಯಲು ಆಗದಿದ್ದರೆ ಓಣಿಯ ಗಾಡಿಯೇ ಗತಿ. ಆ ಹೊತ್ತಿನಲ್ಲಿ ಅದು ಒಂದೇ ಸಲಕ್ಕೆ ಚಾಲೂ ಆಗಬೇಕು.

ನಾನು ಮಾಸ್ತರ. ಪಾನಾ ಹಿಡಿದು ಬದುಕಿದವನಲ್ಲ. ಗ್ಯಾರೇಜಿನ ಮಿಸ್ತ್ರಿಗಳು ಹೇಳುವ ಮಾತನ್ನೂ ಪುಸ್ತಕದಲ್ಲಿ ಇರುವುದನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಬೆಂಕಿಕಡ್ಡಿ ಇಲ್ಲದ ಬೆಂಕಿ

ಸೈಕಲ್ಲಿಗೆ ಗಾಳಿ ಹಾಕಿದ್ದೀರಲ್ಲ? ಹತ್ತಿಪ್ಪತ್ತು ಸಲ ಜೋರಾಗಿ ಒತ್ತಿದ ಮೇಲೆ ಪಂಪಿನ ತುದಿ ಮುಟ್ಟಿ ನೋಡಿ. ಬಿಸಿ ಆಗಿರುತ್ತದೆ. ಗಾಳಿಯನ್ನು ಇಕ್ಕಟ್ಟಿನಲ್ಲಿ ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಇಂಜಿನ್ನಿನ ಗುಟ್ಟು ಇದೇ.

ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹಾರಿಸುವ ಪ್ಲಗ್ ಇರುತ್ತದೆ. ಅದು ಬೆಂಕಿಕಡ್ಡಿ ಗೀರಿದ ಹಾಗೆ. ಡೀಸೆಲ್ ಗಾಡಿಯಲ್ಲಿ ಆ ಕಿಡಿ ಇಲ್ಲ. ಸಿಲಿಂಡರಿನ ಒಳಗೆ ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಹದಿನಾರು, ಇಪ್ಪತ್ತು ಕೊಡದಷ್ಟು ಗಾಳಿಯನ್ನು ಒಂದು ಕೊಡದ ಜಾಗಕ್ಕೆ ತುರುಕಿದ ಹಾಗೆ. ಆಗ ಗಾಳಿ ಸುಮಾರು 500 ಡಿಗ್ರಿ ಕಾಯುತ್ತದೆ. ಆ ಕಾದ ಗಾಳಿಗೆ ನಾಝಲ್ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸುತ್ತದೆ. ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಈ ಯುಕ್ತಿ ಕಂಡುಹಿಡಿದವನ ಹೆಸರೇ ಡೀಸೆಲ್. ರುಡಾಲ್ಫ್ ಡೀಸೆಲ್. ಜರ್ಮನಿಯವನು. 1897ರಲ್ಲಿ ಅವನ ಇಂಜಿನ್ ಚೆನ್ನಾಗಿ ಓಡಿತು. 1900ರಲ್ಲಿ ಪ್ಯಾರಿಸ್ ನಗರದ ದೊಡ್ಡ ಪ್ರದರ್ಶನದಲ್ಲಿ ಇಂಥ ಒಂದು ಇಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ಹೌದು, ನಮ್ಮ ಹೊಲದಲ್ಲಿ ಬೆಳೆಯುವ ಶೇಂಗಾನೇ! ಹಾಗಂತ ನಿಮ್ಮ ಗಾಡಿಗೆ ಹಾಕಲು ಹೋಗಬೇಡಿ. ಈಗಿನ ಪಂಪು, ನಾಝಲ್ ಕಟ್ಟಿಕೊಳ್ಳುತ್ತವೆ. ಎಣ್ಣೆಯೂ ದುಬಾರಿ.

ಗಾಳಿಯನ್ನು ಅಷ್ಟು ಒತ್ತಬೇಕಾದರೆ ಇಂಜಿನ್ನನ್ನು ಬಲವಾಗಿ ತಿರುಗಿಸಬೇಕು. ಆ ಕೆಲಸ ಸೆಲ್ಫ್ ಮೋಟರಿನದು. ಸೆಲ್ಫ್‌ಗೆ ಕರೆಂಟ್ ಕೊಡುವುದು ಬ್ಯಾಟರಿ. ಒಂದು ಹೆಡ್‌ಲೈಟಿಗೆ ಬೇಕಾಗುವುದು ಸುಮಾರು 5 ಆಂಪಿಯರ್ ಕರೆಂಟ್. ಸೆಲ್ಫ್ ತಿರುಗುವಾಗ ಇನ್ನೂರು, ಮುನ್ನೂರು ಆಂಪಿಯರ್ ಎಳೆಯುತ್ತದೆ. ಆದ್ದರಿಂದ ದೀಪ ಉರಿಯಿತು ಅಂದ ಮಾತ್ರಕ್ಕೆ ಬ್ಯಾಟರಿ ಗಟ್ಟಿ ಇದೆ ಅಂತ ಹೇಳಲು ಬರುವುದಿಲ್ಲ. ಎರಡು ಕೊಡ ಹೊರುವವನಿಗೆ ಎರಡು ಚೀಲ ಹೊರುವ ಶಕ್ತಿ ಇರಬೇಕಲ್ಲ?

ಚಳಿಯಲ್ಲಿ ಬ್ಯಾಟರಿಯ ಬಲ ಕುಗ್ಗುತ್ತದೆ. ಇಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಒಳಗಿನ ಗಾಳಿಯೂ ಬೇಗ ಕಾಯುವುದಿಲ್ಲ. ಮೂರೂ ಕೂಡಿ ಬೆಳಗಿನ ಹೊತ್ತು ಗಾಡಿಯನ್ನು ಹಿಡಿದು ನಿಲ್ಲಿಸುತ್ತವೆ.

ರಾತ್ರಿ ಉರಿದ ದೀಪದ ಲೆಕ್ಕ

ಬ್ಯಾಟರಿಯ ಮೇಲೆ ಬರೆದಿರುವುದನ್ನು ಓದಿ. 12 ವೋಲ್ಟ್ ಅಂತ ಇರುತ್ತದೆ. 80 ಎ.ಎಚ್. ಅಂತಲೋ, ಬೇರೆ ಅಂಕಿಯೋ ಇರುತ್ತದೆ. ಎ.ಎಚ್. ಅಂದರೆ ಆಂಪಿಯರ್ ಗಂಟೆ. ಅದು ಹಗೇವಿನಲ್ಲಿ ಎಷ್ಟು ಜೋಳ ಹಿಡಿಯುತ್ತದೆ ಅಂದ ಹಾಗೆ.

ಈಗ ಲೆಕ್ಕ ಮಾಡೋಣ. ಎರಡು ಹೆಡ್‌ಲೈಟು. ಒಂದಕ್ಕೆ 5 ಆಂಪಿಯರ್. ಎರಡಕ್ಕೆ 10. ಒಂದು ಗಂಟೆ ಉರಿದರೆ 10 ಆಂಪಿಯರ್ ಗಂಟೆ ಖರ್ಚು. 8 ಗಂಟೆ ಉರಿದರೆ 80. ಹಗೇವು ಖಾಲಿ! ಪೂರ್ತಿ ಖಾಲಿ ಆಗುವುದೂ ಬೇಡ. ಅರ್ಧಕ್ಕಿಂತ ಕೆಳಗೆ ಬಂದರೆ ಸಾಕು, ಚಳಿಯಲ್ಲಿ ಸೆಲ್ಫ್ ಎಳೆಯುವುದಿಲ್ಲ. ಅಂದರೆ ನಾಲ್ಕೈದು ತಾಸು ದೀಪ ಉರಿಸಿದ್ದೇ ಬೆಳಗಿನ ‘ಟಕ್’ ಶಬ್ದಕ್ಕೆ ಕಾರಣ. ಇದರಲ್ಲಿ ಬ್ಯಾಟರಿಯ ತಪ್ಪಿಲ್ಲ. ಅದು ಸತ್ತಿಲ್ಲ, ಹಸಿದಿದೆ. ಚಾರ್ಜ್ ಮಾಡಿದರೆ ಏಳುತ್ತದೆ. ಆದರೆ ಹಸಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಒಳಗಿನ ಸೀಸದ ತಗಡುಗಳು ಗಡಸಾಗುತ್ತವೆ. ಆಮೇಲೆ ನಿಜವಾಗಿಯೂ ಸಾಯುತ್ತದೆ.

ಗ್ಯಾರೇಜಿನಲ್ಲಿ ಮೀಟರ್ ಇರುತ್ತದೆ. ಗಾಡಿ ಕೆಲವು ತಾಸು ನಿಂತ ಮೇಲೆ ಮೀಟರ್ ಹಿಡಿದರೆ, ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗೆ ಇದ್ದರೆ ಹೆಚ್ಚು ಕಡಿಮೆ ಖಾಲಿ. ಅಂಕಿ ನೀವೇ ಓದಿಕೊಳ್ಳಿ. ‘ಹೋಗೈತಿ’ ಅನ್ನುವ ಮಾತಿನ ಮೇಲೆ ಹೊಸ ಬ್ಯಾಟರಿಗೆ ದುಡ್ಡು ಎಣಿಸಬೇಡಿ.

ಕಿವಿ ಕೊಟ್ಟು ಕೇಳಿ

ಒಳ್ಳೆಯ ಮಿಸ್ತ್ರಿ ಬಂದ ಕೂಡಲೇ ಪಾನಾ ಎತ್ತುವುದಿಲ್ಲ. ಮೊದಲು ಕೇಳುತ್ತಾನೆ, ನೋಡುತ್ತಾನೆ. ಮಾತುಕತೆ ಹೀಗೆ ನಡೆಯುತ್ತದೆ:

“ಕಾಕಾ, ಹೊಸಾ ಬ್ಯಾಟರಿ ಹಾಕಬೇಕೇನ್ರಿ?”

“ತಡಿಯೋ ತಮ್ಮಾ. ಮೊದಲ ದೀಪಾ ಹಚ್ಚು.”

“ಹಚ್ಚೀನ್ರಿ.”

“ಈಗ ಸೆಲ್ಫ್ ಹೊಡಿ. ದೀಪಾ ಏನಾತು?”

“ಸಣ್ಣ ಆತ್ರಿ. ಆರೇ ಹೋತು.”

“ಹಂಗಾರ ಕರೆಂಟ್ ಸಾಲವಲ್ದು. ಇಂಜಿನ್ನಿಗೆ ಕೈ ಹಚ್ಚಬ್ಯಾಡ. ಟರ್ಮಿನಲ್ ನೋಡೋಣ ಬಾ.”

ಇಷ್ಟರಲ್ಲೇ ಅರ್ಧ ರೋಗ ಗೊತ್ತಾಯಿತು. ದೀಪ ಮಂಕಾಗಿ ‘ಟಕ ಟಕ ಟಕ’ ಅಂತ ಶಬ್ದ ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ ಇದೆ. ದೀಪ ಚೆನ್ನಾಗಿ ಉರಿಯುತ್ತಲೇ ಇದ್ದು ‘ಟಕ್’ ಅಂತ ಒಂದೇ ಶಬ್ದ ಬಂದರೆ ತಪ್ಪು ಸೆಲ್ಫ್ ಮೋಟರಿನ ಕಡೆ ಇರಬಹುದು. ಸೆಲ್ಫ್ ಗರಗರ ಚೆನ್ನಾಗಿ ತಿರುಗಿಯೂ ಇಂಜಿನ್ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಆಗ ಡೀಸೆಲ್ ಕಡೆ ನೋಡಬೇಕು. ಈ ಒಂದು ಭೇದ ಗೊತ್ತಿದ್ದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಚಾವಿ ತಿರುವಿದರೆ ಹತ್ತು ಸೆಕೆಂಡು ಸಾಕು. ಆಮೇಲೆ ಒಂದು ನಿಮಿಷ ಬಿಡಿ. ಮೂರು ಸಲಕ್ಕೂ ಹೊತ್ತದಿದ್ದರೆ ನಿಲ್ಲಿಸಿ ಕಾರಣ ಹುಡುಕಿ.

ಟರ್ಮಿನಲ್ ಅಂದರೆ ಬ್ಯಾಟರಿಯ ಎರಡು ಗುಬ್ಬಿಗೆ ವೈರ್ ಹಿಡಿಸುವ ಜಾಗ. ಅಲ್ಲಿ ಬಿಳಿ, ಹಸಿರು ಬೂಷ್ಟಿನ ಹಾಗೆ ಕಟ್ಟಿಕೊಂಡಿರುತ್ತದೆ. ಆ ಬೂಷ್ಟೇ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ, ಹಳೇ ಹಲ್ಲಿನ ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಮುಚ್ಚಳ ಬಿಗಿಯಾಗಿರಲಿ. ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಐದು ರೂಪಾಯಿ ಸೋಡಾದಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿ ಕೊಟ್ಟವರಿದ್ದಾರೆ.

ವೈರ್ ಬಿಚ್ಚುವಾಗ ಮೊದಲು ಮೈನಸ್ (−) ಬಿಚ್ಚಬೇಕು. ಹಾಕುವಾಗ ಮೈನಸ್ ಕೊನೆಗೆ ಹಾಕಬೇಕು. ಯಾಕೆ? ಗಾಡಿಯ ಮೈಯೆಲ್ಲ ಮೈನಸ್‌ಗೆ ಸೇರಿದೆ. ಪ್ಲಸ್ (+) ಬಿಚ್ಚುವಾಗ ಪಾನಾ ಗಾಡಿಯ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಆ ಭಯ ಇಲ್ಲ.

ಇನ್ನೊಬ್ಬರ ಬ್ಯಾಟರಿಯಿಂದ ಕರೆಂಟ್

ಪಕ್ಕದ ಗಾಡಿಯಿಂದ ವೈರ್ ಹಚ್ಚಿ ಚಾಲೂ ಮಾಡುವುದು ಎಲ್ಲರಿಗೂ ಗೊತ್ತು. ಸರಿಯಾದ ಕ್ರಮ ಗೊತ್ತಿರುವವರು ಕಡಿಮೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಎರಡೂ ಗಾಡಿ 12 ವೋಲ್ಟ್ ಇರಬೇಕು. ಕಾರು, ಜೀಪು, ಟ್ರ್ಯಾಕ್ಸ್, ಟ್ರ್ಯಾಕ್ಟರ್ ಸಾಮಾನ್ಯವಾಗಿ 12 ವೋಲ್ಟ್. ದೊಡ್ಡ ಲಾರಿ, ಬಸ್ಸು 24 ವೋಲ್ಟ್. ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ಗಾಡಿ ನಿಂತರೆ ಮೊದಲು ಸಿಗುವುದು ಲಾರಿಯೇ. ಡ್ರೈವರಣ್ಣ ಒಳ್ಳೆಯವನು, ‘ವೈರ್ ಹಚ್ಚೂಣ ಬಾ’ ಅಂತಾನೆ. ಬೇಡ. 24 ವೋಲ್ಟ್ ಹರಿದರೆ ನಿಮ್ಮ ಗಾಡಿಯ ವೈರಿಂಗ್ ಸುಡಬಹುದು. ಬ್ಯಾಟರಿ ಸಿಡಿಯಬಹುದು. ಟ್ರ್ಯಾಕ್ಟರ್ ಬರುವ ತನಕ ಕಾಯಿರಿ.

ವೈರ್ ದಪ್ಪ ಇರಬೇಕು. ಮನೆಯ ದೀಪದ ವೈರ್ ಹಚ್ಚಿದರೆ ಅದು ಕರಗಿ ಕೈ ಸುಡುತ್ತದೆ. ಎರಡೂ ಗಾಡಿ ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿ. ಕೆಂಪು ವೈರಿನ ಒಂದು ತುದಿ ಖಾಲಿ ಬ್ಯಾಟರಿಯ ಪ್ಲಸ್‌ಗೆ. ಇನ್ನೊಂದು ತುದಿ ತುಂಬಿದ ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕರಿ ವೈರ್. ಅದರ ಒಂದು ತುದಿ ತುಂಬಿದ ಬ್ಯಾಟರಿಯ ಮೈನಸ್‌ಗೆ. ಕೊನೆಯ ತುದಿಯನ್ನು ಖಾಲಿ ಬ್ಯಾಟರಿಗೆ ಹಚ್ಚಬೇಡಿ. ನಿಂತ ಗಾಡಿಯ ಇಂಜಿನ್ನಿನ ಬರಿ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ ಹಚ್ಚಿ. ಕೊನೆಯ ತುದಿ ತಾಗಿಸುವಾಗ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನ್ನುವ ಗಾಳಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಡಿ ತಾಗಿದರೆ ಢಂ ಅಂತ ಸಿಡಿಯುತ್ತದೆ. ಸಿಡಿದರೆ ಆಸಿಡ್ ಮುಖಕ್ಕೇ ಹಾರುತ್ತದೆ.

ಕತ್ತಲಲ್ಲಿ ಬ್ಯಾಟರಿಯ ನೀರು ನೋಡಲು ಕಡ್ಡಿ ಗೀರುವವರಿದ್ದಾರೆ. ಬಾಯಲ್ಲಿ ಬೀಡಿ ಇಟ್ಟುಕೊಂಡು ಬಗ್ಗುವವರೂ ಇದ್ದಾರೆ. ಹೋದ ಕಣ್ಣನ್ನು ಯಾವ ಗ್ಯಾರೇಜೂ ಹಾಕಿಕೊಡುವುದಿಲ್ಲ. ಆಸಿಡ್ ಕಣ್ಣಿಗೆ ಹಾರಿದರೆ ಕೂಡಲೇ ಒಳ್ಳೆಯ ನೀರಿನಿಂದ ತೊಳೆಯಿರಿ. ಕಾಲು ಗಂಟೆಯಾದರೂ ಬಿಡದೆ ನೀರು ಸುರಿಯಬೇಕು. ಆಮೇಲೆ ನೇರ ದವಾಖಾನೆಗೆ ಹೋಗಿ.

ವೈರ್ ಹಚ್ಚಿ, ಒಳ್ಳೆಯ ಗಾಡಿಯನ್ನು ಐದು ನಿಮಿಷ ಚಾಲೂ ಇಟ್ಟು, ಆಮೇಲೆ ನಿಮ್ಮ ಚಾವಿ ತಿರುವಿ. ಚಾಲೂ ಆದ ಮೇಲೆ ವೈರುಗಳನ್ನು ಹಚ್ಚಿದ್ದಕ್ಕೆ ಉಲ್ಟಾ ಕ್ರಮದಲ್ಲಿ ತೆಗೆಯಿರಿ.

ದಬ್ಬುವ ಮೊದಲು

ನಮ್ಮ ಕಡೆ ಗಾಡಿ ಎಲ್ಲಿ ನಿಲ್ಲಿಸಿದ್ದಾರೆ ನೋಡಿದರೆ ಸಾಕು, ಅದರ ಬ್ಯಾಟರಿ ಹೇಗಿದೆ ಅಂತ ಹೇಳಬಹುದು. ಬ್ಯಾಟರಿ ಸೋತ ಗಾಡಿ ಯಾವಾಗಲೂ ಇಳಕಲಿನಲ್ಲೇ ನಿಂತಿರುತ್ತದೆ!

ಹಳೇ ಜೀಪನ್ನು ದಬ್ಬಿ ಚಾಲೂ ಮಾಡಬಹುದು. ಚಾವಿ ಆನ್ ಮಾಡಿ, ಕ್ಲಚ್ ಒತ್ತಿ, ಎರಡನೇ ಗೇರಿಗೆ ಹಾಕಿ, ಓಟ ಬಂದಾಗ ಕ್ಲಚ್ ಬಿಡಬೇಕು. ಆದರೆ ಈಗಿನ ಗಾಡಿಗಳಲ್ಲಿ ಡೀಸೆಲ್ ಬಿಡುವುದಕ್ಕೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಖಾಲಿ ಇದ್ದರೆ ಎಷ್ಟು ದಬ್ಬಿದರೂ ವ್ಯರ್ಥ. ಗೇರ್ ತಾನೇ ಬದಲಾಗುವ ಗಾಡಿಯಂತೂ ದಬ್ಬಿದರೆ ಚಾಲೂ ಆಗುವುದೇ ಇಲ್ಲ.

ಗುಡ್ಡದ ಇಳಿಜಾರಿನಲ್ಲಿ ಇನ್ನೊಂದು ಭಯ ಇದೆ. ಬಹಳ ಗಾಡಿಗಳಲ್ಲಿ ಬ್ರೇಕಿಗೆ ಇಂಜಿನ್ನಿನ ಸಹಾಯ ಇರುತ್ತದೆ. ಇಂಜಿನ್ ಬಂದ್ ಇದ್ದಾಗ ಎರಡು ಮೂರು ಸಲ ಒತ್ತಿದರೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಸ್ಟೇರಿಂಗೂ ಬಿಗಿಯಾಗುತ್ತದೆ. ಕೆಳಗೆ ಜನ ನಡೆಯುತ್ತಿರುತ್ತಾರೆ. ಮಕ್ಕಳು ಇರುತ್ತಾರೆ. ಇಳಿಜಾರಿನಲ್ಲಿ ಗಾಡಿ ಬಿಟ್ಟು ಚಾಲೂ ಮಾಡುವ ಸಾಹಸ ಬೇಡ.

ಸೆಲ್ಫ್ ತಿರುಗುತ್ತದೆ, ಇಂಜಿನ್ ಹೊತ್ತುವುದಿಲ್ಲ

ಆಗ ಹಿಂದೆ ಹೋಗಿ ಸೈಲೆನ್ಸರ್ ನೋಡಿ. ಒಬ್ಬರು ಸೆಲ್ಫ್ ಹೊಡೆಯಲಿ. ಹೊಗೆ ಸ್ವಲ್ಪವೂ ಬರದಿದ್ದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಅಂದರೆ ಒಳಗೆ ಬಿಸಿ ಸಾಲದು. ಸೆಲ್ಫ್ ನಿಧಾನ ತಿರುಗಿರಬಹುದು. ಇಲ್ಲವೇ ಹೀಟರ್ ಪ್ಲಗ್ ಕೆಟ್ಟಿರಬಹುದು. ಈ ಪ್ಲಗ್ ಕಿಡಿ ಹಾರಿಸುವುದಿಲ್ಲ. ಕಾದು ಕೆಂಪಾಗಿ ಒಳಗಿನ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಡ್ರೈವರ್ ಮುಂದೆ ಸುರುಳಿಯ ಗುರುತಿನ ಹಳದಿ ದೀಪ ಇದ್ದರೆ ಅದು ಆರುವ ತನಕ ಕಾಯ್ದು ಆಮೇಲೆ ಸೆಲ್ಫ್ ಹೊಡೆಯಿರಿ. ಎಷ್ಟೋ ಜನ ಅಷ್ಟೂ ಕಾಯುವುದಿಲ್ಲ. ಟ್ರ್ಯಾಕ್ಟರಿನಂಥ ಹಲವು ಇಂಜಿನ್ನುಗಳಿಗೆ ಹೀಟರ್ ಇರುವುದೇ ಇಲ್ಲ.

ಬಟ್ಟೆಗೆ ಡೀಸೆಲ್ ಅದ್ದಿ, ಬೆಂಕಿ ಹಚ್ಚಿ, ಏರ್ ಫಿಲ್ಟರಿನ ಬಾಯಿಗೆ ಹಿಡಿಯುವುದನ್ನು ನೀವೂ ನೋಡಿರಬಹುದು. ಗಾಡಿಯೂ ಸುಡುತ್ತದೆ, ಕೈಯೂ ಸುಡುತ್ತದೆ. ಮಾಡಬೇಡಿ.

ಹೊಗೆಯೇ ಬರದಿದ್ದರೆ ಮೊದಲು ಟಾಕಿ ನೋಡಿ. ನಗಬೇಡಿ, ಕಾಟಾ ಕೆಟ್ಟ ಗಾಡಿಗಳು ಬಹಳ ಇವೆ. ಹಳೇ ಜೀಪಿನಲ್ಲಿ ಇಂಜಿನ್ ಬಂದ್ ಮಾಡುವ ಎಳೆಯುವ ಗುಂಡಿ ಇರುತ್ತದೆ. ಅದು ಹೊರಗೇ ಉಳಿದಿದ್ದರೆ ಒಳಗೆ ಒತ್ತಿ. ಆಮೇಲೆ ಫಿಲ್ಟರ್. ಕಿತ್ತೂರು ಕಡೆ ಮಳೆ ಜಾಸ್ತಿ. ಮಳೆಗಾಲದಲ್ಲಿ ಟಾಕಿಗೆ, ಕ್ಯಾನಿಗೆ ನೀರು ಸೇರುತ್ತದೆ. ನೀರು ಡೀಸೆಲಿಗಿಂತ ಭಾರ. ತಳಕ್ಕೆ ಇಳಿಯುತ್ತದೆ. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿದರೆ ಮೊದಲು ನೀರು ಬರುತ್ತದೆ, ಆಮೇಲೆ ಡೀಸೆಲ್ ಬರುತ್ತದೆ.

ಡೀಸೆಲ್ ಪೂರ್ತಿ ಮುಗಿದು ನಿಂತ ಗಾಡಿಗೆ ಮತ್ತೆ ಡೀಸೆಲ್ ಹಾಕಿದರೂ ಬಹಳ ಸಲ ಚಾಲೂ ಆಗುವುದಿಲ್ಲ. ಪೈಪಿನಲ್ಲಿ ಗಾಳಿ ಸೇರಿರುತ್ತದೆ. ‘ಏರ್ ತೊಗೊಂಡೈತಿ’ ಅಂತಾರಲ್ಲ, ಅದು ಇದೇ. ಹಳೇ ಇಂಜಿನ್ನಿನಲ್ಲಿ ಫಿಲ್ಟರಿನ ಮೇಲಿನ ಸಣ್ಣ ತಿರುಪು ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಬೇಕು. ಗುಳ್ಳೆ ಗುಳ್ಳೆಯಾಗಿ ಡೀಸೆಲ್ ಬರುತ್ತದೆ. ಗುಳ್ಳೆ ನಿಂತು ಬರಿ ಡೀಸೆಲ್ ಬಂದಾಗ ತಿರುಪು ಬಿಗಿ ಮಾಡಬೇಕು.

ಆದರೆ ಹೊಸ ಗಾಡಿಗಳಲ್ಲಿ ನಾಝಲ್ ಪೈಪಿಗೆ ಪಾನಾ ಹಚ್ಚಲೇಬೇಡಿ. ಈಗಿನ ಕಾರುಗಳಲ್ಲಿ ಕಾಮನ್ ರೇಲ್ ಅನ್ನುವ ಏರ್ಪಾಡು ಇದೆ. ಅದರಲ್ಲಿ ಡೀಸೆಲಿನ ಒತ್ತಡ ಟಾಯರಿನ ಗಾಳಿಗಿಂತ ನೂರಾರು ಪಟ್ಟು ಜಾಸ್ತಿ. ಕೂದಲಿನಷ್ಟು ಸಣ್ಣ ಧಾರೆ ಕೈಗೆ ತಾಗಿದರೂ ಚರ್ಮದೊಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ. ಒಳಗೆ ಕೊಳೆತು ಬೆರಳು ತೆಗೆಯುವ ಹೊತ್ತು ಬರುತ್ತದೆ. ಹಾಗೇನಾದರೂ ಆದರೆ ಅದೇ ಗಳಿಗೆಗೆ ದವಾಖಾನೆಗೆ ಹೋಗಬೇಕು.

ಚಾಲೂ ಆದ ಮೇಲೆ

ಗಾಡಿ ಚಾಲೂ ಆಯಿತು ಅಂತ ಮರೆತುಬಿಟ್ಟರೆ ನಾಳೆ ಮತ್ತೆ ಅದೇ ಪಾಡು. ಹತ್ತು ನಿಮಿಷ ಓಡಿಸಿದರೆ ಖಾಲಿ ಬ್ಯಾಟರಿ ತುಂಬುವುದಿಲ್ಲ. ಚಾರ್ಜಿಂಗ್ ಅಂಗಡಿಯಲ್ಲಿ ನಿಧಾನ ಚಾರ್ಜ್ ಮಾಡಿಸಿ. 80 ಎ.ಎಚ್. ಬ್ಯಾಟರಿಗೆ 8 ಆಂಪಿಯರ್ ಕೊಟ್ಟರೆ ಹತ್ತು ಹನ್ನೆರಡು ತಾಸು ಬೇಕು. ಒಂದು ತಾಸಿನಲ್ಲಿ ತುಂಬಿಕೊಡುತ್ತೇನೆ ಅನ್ನುವವನ ಕಡೆ ಹೋಗಬೇಡಿ.

ಓಡುವ ಗಾಡಿಯಲ್ಲಿ ಬ್ಯಾಟರಿ ತುಂಬುವುದು ಡೈನಮೋ. ಅದನ್ನು ತಿರುಗಿಸುವುದು ಬೆಲ್ಟು. ಬೆಲ್ಟು ಸಡಿಲಾದರೆ, ಹರಿದರೆ, ಬ್ಯಾಟರಿಗೆ ಊಟ ಇಲ್ಲ. ಇಂಜಿನ್ ಚಾಲೂ ಇರುವಾಗ ಬ್ಯಾಟರಿ ಗುರುತಿನ ಕೆಂಪು ದೀಪ ಉರಿದರೆ ಬೆಲ್ಟು, ಡೈನಮೋ ತೋರಿಸಿ. ಆಗ ಮೀಟರ್ ಹಿಡಿದರೆ ಸುಮಾರು 14 ವೋಲ್ಟ್ ಬರಬೇಕು. ಕೆಲವು ಮಿಸ್ತ್ರಿಗಳು ಇಂಜಿನ್ ಓಡುವಾಗಲೇ ಟರ್ಮಿನಲ್ ಕಿತ್ತು ಡೈನಮೋ ಪರೀಕ್ಷೆ ಮಾಡುತ್ತಾರೆ. ಈಗಿನ ಗಾಡಿಗಳಿಗೆ ಅದು ವಿಷ. ಒಳಗಿನ ಕಂಪ್ಯೂಟರ್ ಸುಟ್ಟರೆ ಬ್ಯಾಟರಿಯ ಬೆಲೆಗಿಂತ ಹೆಚ್ಚು ದಂಡ.

ರಾಮದುರ್ಗ, ಸವದತ್ತಿಯ ಬಿಸಿಲು ಬ್ಯಾಟರಿಗೂ ಬಿಸಿಲೇ. ರೋಗ ಹತ್ತುವುದು ಬೇಸಿಗೆಯಲ್ಲಿ, ಕಾಣುವುದು ಚಳಿಯಲ್ಲಿ. ಮುಚ್ಚಳ ತೆಗೆಯುವ ಬ್ಯಾಟರಿ ಇದ್ದರೆ ತಿಂಗಳಿಗೊಮ್ಮೆ ನೋಡಿ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ. ಆರು ಮನೆ ಇರುತ್ತವೆ. ಆರರಲ್ಲೂ ತಗಡು ಮುಳುಗಿರಬೇಕು. ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರನ್ನೇ ಹಾಕಿ. ಬೋರಿನ ನೀರಿನಲ್ಲಿ ಉಪ್ಪು, ಸುಣ್ಣ ಇರುತ್ತದೆ. ಅದು ತಗಡನ್ನು ತಿನ್ನುತ್ತದೆ. ಆಸಿಡನ್ನು ಮೇಲಿಂದ ಹಾಕಬಾರದು.

ಬದಲಿಸಲೇಬೇಕಾದ ಹೊತ್ತು ಬಂದರೆ, ಹೊಸ ಬ್ಯಾಟರಿ ಕೊಳ್ಳುವಾಗ ಗ್ಯಾರಂಟಿ ಕಾರ್ಡ್ ಕೇಳಿ. ಕೊಂಡ ತಾರೀಖು, ಬ್ಯಾಟರಿಯ ನಂಬರು, ಅಂಗಡಿಯ ಸಿಕ್ಕಾ ಮೂರೂ ಕಾರ್ಡಿನ ಮೇಲೆ ಇವೆಯೇ? ಅಂಗಡಿಯಲ್ಲೇ ನಿಂತು ಓದಿ. ನಂಬರು ಬ್ಯಾಟರಿಯ ಮೇಲಿನ ನಂಬರಿಗೆ ಕೂಡುತ್ತದೆಯೇ ನೋಡಿ. ತಾರೀಖು ಇಲ್ಲದ ಕಾರ್ಡು ತಂದು ಬದಲಿ ಕೇಳಿದರೆ ಅಂಗಡಿಯವರು ಒಪ್ಪುವುದಿಲ್ಲ.

ಹಳೇ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆದು ಸೀಸ ತೆಗೆಯಬೇಡಿ. ಸೀಸ ವಿಷ. ಅದರ ಧೂಳು, ಹೊಗೆ ಚಿಕ್ಕ ಮಕ್ಕಳ ಬುದ್ಧಿಯನ್ನೇ ಕುಂದಿಸುತ್ತದೆ. ಹಳೇ ಬ್ಯಾಟರಿ ಹಿಂದಕ್ಕೆ ಹೋಗಬೇಕು ಅಂತ 2001ರಲ್ಲಿ ಸರಕಾರ ನಿಯಮ ಮಾಡಿತ್ತು. 2022ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂದಿದೆ. ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಹಳೇದರ ಹಣ ಮುರಿದುಕೊಳ್ಳುತ್ತಾರೆ. ಎಷ್ಟು ಮುರಿದರು ಅನ್ನುವುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.